ಕರುಳಿನ ಕ್ಯಾನ್ಸರ್ ಬಂದವರ ಫೈಲನ್ನು ಓದಿಕೊಳ್ಳುವ ಬಗೆ: ಉಳಿವು ಯಾವ ಸಂಗತಿಗಳ ಮೇಲೆ ನಿಂತಿದೆ

ಕಲಬುರಗಿಯ ಒಂದು ಪ್ರಯೋಗಾಲಯದ ಅಂಗಾಂಶ ಪರೀಕ್ಷೆಯ ವಿಭಾಗದಲ್ಲಿ ಎರಡು ದಶಕಕ್ಕೂ ಮೀರಿ ತಂತ್ರಜ್ಞನಾಗಿ ದುಡಿದ ನನಗೆ, ವರದಿ ಒಯ್ಯಲು ಬಂದವರು ಕಿಟಕಿಯ ಬಳಿ ನಿಂತು ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದು ಬಾಯಿಪಾಠವಾಗಿದೆ: “ಇನ್ನ ಎಷ್ಟು ದಿನ ಅದರಿ?” ಅದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ, ಹೇಳಬೇಕೆಂದರೂ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಉತ್ತರ ಯಾವ ಯಾವ ಸಂಗತಿಗಳಿಂದ ಕೂಡಿಬರುತ್ತದೆಯೋ ಅವುಗಳಲ್ಲಿ ಬಹುಪಾಲು ಅವರ ಕೈಯಲ್ಲಿರುವ ಫೈಲಿನಲ್ಲೇ ಇರುತ್ತವೆ. ಅವು ಎಲ್ಲಿವೆ, ಅವನ್ನು ಹೇಗೆ ಓದಬೇಕು, ಅವುಗಳಲ್ಲಿ ಯಾವುವು ಬದಲಾಗದವು, ಯಾವುವು ಮನೆಯವರ ಕೈಯಲ್ಲಿವೆ ಎಂಬುದನ್ನು ತಿಳಿಸುವುದಕ್ಕಾಗಿ ಈ ಬರಹ. ಕರುಳು ಎಂದರೆ ಇಲ್ಲಿ ದೊಡ್ಡ ಕರುಳು ಮತ್ತು ಅದರ ಕೊನೆಯ ಭಾಗವಾದ ಗುದನಾಳ. ನಾನು ವೈದ್ಯನಲ್ಲ, ಇಲ್ಲಿರುವುದನ್ನು ನಿಮ್ಮ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳೆಂದು ಓದಿಕೊಳ್ಳಿ, ಅವರ ಮಾತಿಗೆ ಬದಲಿಯೆಂದು ತಿಳಿಯಬೇಡಿ. ಇದರ ಅರ್ಧದಷ್ಟನ್ನು ನಾನು ಕಲಿತದ್ದು ಪ್ರಯೋಗಾಲಯದಲ್ಲಿ. ಉಳಿದರ್ಧವನ್ನು ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಕಾಕಾನ ಹಿಂದೆ ಆಸ್ಪತ್ರೆಗಳಿಗೆ ತಿರುಗುತ್ತಾ ಕಲಿತೆ.

ಮೊದಲು, ಶೇಕಡಾ ಲೆಕ್ಕದ ಬಗ್ಗೆ

ಫೋನಿನಲ್ಲಿ ಹುಡುಕಿದರೆ “ಐದು ವರ್ಷದ ಉಳಿವು” ಎಂಬ ಅಂಕಿಗಳು ಸಿಗುತ್ತವೆ. ಅಮೆರಿಕದ ದಾಖಲೆಗಳ ಪ್ರಕಾರ, ರೋಗ ಕರುಳಿನ ಗೋಡೆಯೊಳಗೇ ಇದ್ದಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 90 ಮಂದಿ, ಅಕ್ಕಪಕ್ಕದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದ್ದವರಲ್ಲಿ 70ಕ್ಕಿಂತ ತುಸು ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ; ಯಕೃತ್ತು, ಶ್ವಾಸಕೋಶದಂತಹ ದೂರದ ಅಂಗಗಳಿಗೆ ಹರಡಿದ್ದವರಲ್ಲಿ ಆ ಸಂಖ್ಯೆ 15ರ ಆಸುಪಾಸಿಗೆ ಇಳಿಯುತ್ತದೆ. ಈ ಅಂಕಿಗಳನ್ನು ಓದುವಾಗ ಎರಡು ಮಾತು ನೆನಪಿರಲಿ. ಒಂದು, ಇವು ವರ್ಷಗಳ ಹಿಂದೆ ರೋಗ ಪತ್ತೆಯಾಗಿ, ಆ ಕಾಲದ ಔಷಧ ಪಡೆದವರ ಲೆಕ್ಕ. ಎರಡು, ಇವು ಸಾವಿರಾರು ಜನರ ಗುಂಪಿನ ಸರಾಸರಿಯೇ ಹೊರತು ನಿಮ್ಮ ಮನೆಯ ರೋಗಿಯ ಜಾತಕವಲ್ಲ. “ಐದು ವರ್ಷ” ಎಂದೊಡನೆ ಐದು ವರ್ಷ ಮಾತ್ರ ಎಂದು ಅರ್ಥೈಸಿಕೊಂಡು ಹೊಲ ಮಾರಲು ಹೊರಟವರನ್ನು ನಾನು ಕಂಡಿದ್ದೇನೆ. ಅದು ಅಳತೆಗೆ ಇಟ್ಟುಕೊಂಡ ಒಂದು ಗೆರೆ, ಆಯುಷ್ಯದ ಗಡಿಯಲ್ಲ.

ಹಾಗಿದ್ದರೂ ಆ ಮೂರು ಅಂಕಿಗಳ ನಡುವಿನ ಅಂತರ ಒಂದು ಸತ್ಯವನ್ನು ಹೇಳುತ್ತದೆ: ರೋಗ ಪತ್ತೆಯಾದಾಗ ಎಷ್ಟು ದೂರ ಹೋಗಿತ್ತು ಎಂಬುದಕ್ಕಿಂತ ದೊಡ್ಡ ಅಂಶ ಬೇರೊಂದಿಲ್ಲ.

ಬಯಾಪ್ಸಿಗೆ ಮುಂಚಿನ ತಿಂಗಳುಗಳು

ನಮ್ಮ ಭಾಗದಲ್ಲಿ ಈ ಅಂತರ ಹೆಚ್ಚಾಗಿ ಕಳೆದುಹೋಗುವುದು ಒಂದೇ ಪದದಲ್ಲಿ: ಮೂಲವ್ಯಾಧಿ. ಮಲದಲ್ಲಿ ರಕ್ತ ಕಂಡರೆ ಅದು ಪೈಲ್ಸ್ ಎಂದು ರೋಗಿಯೇ ತೀರ್ಮಾನಿಸುತ್ತಾನೆ. ನಾಚಿಕೆಯಿಂದ ಮನೆಯಲ್ಲಿ ಹೇಳುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದ ನಂಬರಿಗೆ ಫೋನು ಮಾಡಿ ಪುಡಿ ತರಿಸಿಕೊಳ್ಳುತ್ತಾನೆ. ಕಾಕಾ ಹದಿನಾಲ್ಕು ತಿಂಗಳು ಹೀಗೆ ಕಳೆದರು. “ಖಾರ ಬಿಟ್ರ ಹೋಗ್ತದ ತಗೋ” ಎಂದು ಅವರು ಶೇಂಗಾ ಹಿಂಡಿಯನ್ನೇ ಬಿಟ್ಟಿದ್ದರು, ಪರೀಕ್ಷೆಗೆ ಮಾತ್ರ ಬರಲಿಲ್ಲ. ಬಂದಾಗಲೂ ಮೊದಲು ನೋಡಿದ ವೈದ್ಯರು ಮುಟ್ಟಿ ಪರೀಕ್ಷಿಸದೆ ಮುಲಾಮು ಬರೆದುಕೊಟ್ಟು ಕಳಿಸಿದರು. ಗುದನಾಳದ ಕೆಳಭಾಗದ ಗಂಟು ವೈದ್ಯರ ಬೆರಳಿಗೇ ಸಿಗುತ್ತದೆ. ಅದಕ್ಕಿಂತ ಮೇಲಿರುವುದನ್ನು ಕಾಣಲು ಕೊಲೊನೋಸ್ಕೋಪಿ, ಎಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳನ್ನು ನೋಡುವ ಪರೀಕ್ಷೆ, ಬೇಕು. ಆದ್ದರಿಂದ ಮಲದಲ್ಲಿ ರಕ್ತ ಹೋಗುತ್ತಿರುವವರು, ಮಲವಿಸರ್ಜನೆಯ ಕ್ರಮ ಕೆಲವು ವಾರಗಳಿಂದ ಬದಲಾಗಿರುವವರು, ಹೋಗಿಬಂದರೂ ಇನ್ನೂ ಉಳಿದಿದೆ ಎಂಬ ಭಾವನೆ ಕಾಡುತ್ತಿರುವವರು, ಕಾರಣವಿಲ್ಲದೆ ತೂಕ ಇಳಿದವರು “ಬೆರಳಿನ ಪರೀಕ್ಷೆ ಮಾಡುತ್ತೀರಾ, ಕೊಲೊನೋಸ್ಕೋಪಿ ಬೇಕೇ” ಎಂದು ತಾವೇ ಕೇಳಬೇಕು. ಪೈಲ್ಸ್ ಇದೆ ಎಂದು ಕಣ್ಣಿಗೆ ಕಂಡರೂ ಅದರ ಮೇಲ್ಗಡೆ ಗಂಟು ಇಲ್ಲ ಎಂಬುದು ಅದರಿಂದ ಖಾತ್ರಿಯಾಗುವುದಿಲ್ಲ. ಮೂವತ್ತರ ಹರೆಯದವರಿಗೆ ಕ್ಯಾನ್ಸರ್ ಬರದು ಎಂಬ ನಂಬಿಕೆಯನ್ನೂ ಬಿಡಬೇಕು. ನಮ್ಮ ದೇಶದಲ್ಲಿ ಗುದನಾಳದ ಕ್ಯಾನ್ಸರ್ ಎಳೆಯ ವಯಸ್ಸಿನವರಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಬಲಗಡೆಯ ಕರುಳಿನ ಗಂಟು ಇನ್ನೂ ಮೋಸಗಾರ. ಅಲ್ಲಿ ರಕ್ತ ಕಣ್ಣಿಗೆ ಕಾಣದಂತೆ ದಿನವೂ ತುಸುತುಸು ಸೋರಿ, ಹಿಮೋಗ್ಲೋಬಿನ್ 6ಕ್ಕೋ 7ಕ್ಕೋ ಇಳಿದ ಮೇಲೆ ಸುಸ್ತು, ಏದುಸಿರು ಎಂದು ರೋಗಿ ಬರುತ್ತಾರೆ. ಎರಡು ಬಾಟಲಿ ರಕ್ತ ಏರಿಸಿ ಕಳಿಸಲಾಗುತ್ತದೆ. ಮೂರು ತಿಂಗಳಿಗೆ ಮತ್ತದೇ ಕಥೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡುಬಂದರೆ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಲೇಬೇಕು.

ತಡವಾದಷ್ಟೂ ಕರುಳು ಕಟ್ಟಿಕೊಂಡೋ ತೂತುಬಿದ್ದೋ ರಾತ್ರೋರಾತ್ರಿ ಆಪರೇಷನ್ ಆಗುವ ಸಂಭವ ಹೆಚ್ಚುತ್ತದೆ. ಹೀಗೆ ತುರ್ತಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಉಳಿವು, ಅದೇ ಹಂತದಲ್ಲಿ ಸಿದ್ಧತೆಯಿಂದ ಆಪರೇಷನ್ ಆದವರಿಗಿಂತ ಕಡಿಮೆಯೆಂಬುದು ಎಲ್ಲೆಡೆ ಕಂಡುಬಂದಿರುವ ಸಂಗತಿ.

ಅಂಗಾಂಶ ವರದಿಯ ಸಾಲುಗಳು

ಆಪರೇಷನ್ ಆದ ಮೇಲೆ ಬರುವ ವರದಿ ಎರಡು-ಮೂರು ಪುಟದ್ದು. ಬಹುತೇಕರು ಕೊನೆಯ ಸಾಲನ್ನಷ್ಟೇ ಓದುತ್ತಾರೆ. ಉಳಿದ ಸಾಲುಗಳಲ್ಲೇ ಹೆಚ್ಚಿನ ಮಾಹಿತಿ ಇರುತ್ತದೆ.

ಮೊದಲು “ಟಿ”, “ಎನ್”, “ಎಂ” ಎಂಬ ಮೂರು ಅಕ್ಷರಗಳನ್ನು ಹುಡುಕಿ. “ಟಿ” ಎಂದರೆ ಗಂಟು ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು: ಟಿ1 ಮೇಲ್ಪದರದ ಕೆಳಗಷ್ಟೇ ಇಳಿದದ್ದು, ಟಿ4 ಗೋಡೆಯನ್ನು ಪೂರ್ತಿ ತೂರಿ ಹೊರಗಿನ ಪೊರೆಯನ್ನೋ ಪಕ್ಕದ ಅಂಗವನ್ನೋ ಮುಟ್ಟಿದ್ದು. “ಎನ್” ಎಂದರೆ ದುಗ್ಧಗ್ರಂಥಿಗಳು: ಎನ್0 ಎಂದರೆ ಯಾವುದರಲ್ಲೂ ರೋಗವಿಲ್ಲ, ಎನ್1 ಎಂದರೆ ಒಂದರಿಂದ ಮೂರರಲ್ಲಿ ಇದೆ, ಎನ್2 ಎಂದರೆ ನಾಲ್ಕು ಅಥವಾ ಹೆಚ್ಚಿನದರಲ್ಲಿ ಇದೆ. “ಎಂ” ದೂರದ ಅಂಗಗಳದ್ದು. ಇದನ್ನು ಹೆಚ್ಚಾಗಿ ಸಿಟಿ ಸ್ಕ್ಯಾನ್ ಹೇಳುತ್ತದೆ. ಈ ಮೂರನ್ನೂ ಕೂಡಿಸಿ ಒಂದರಿಂದ ನಾಲ್ಕರವರೆಗಿನ ಹಂತ ನಿರ್ಧಾರವಾಗುತ್ತದೆ. ಗ್ರಂಥಿಗಳಲ್ಲಿ ರೋಗ ಸಿಕ್ಕರೆ ಮೂರನೇ ಹಂತ, ದೂರಕ್ಕೆ ಹೋಗಿದ್ದರೆ ನಾಲ್ಕನೆಯದು. ಎರಡನೆಯದು ಮೂರನೆಯದಕ್ಕಿಂತ ಯಾವಾಗಲೂ ಹಗುರ ಎಂದು ತಿಳಿಯುವುದು ಮಾತ್ರ ತಪ್ಪು. ಗಂಟು ಟಿ4 ಆಗಿದ್ದ ಎರಡನೇ ಹಂತದವರಿಗಿಂತ, ಗಂಟು ಟಿ1 ಅಥವಾ ಟಿ2 ಇದ್ದು ಒಂದೆರಡು ಗ್ರಂಥಿಗೆ ಮಾತ್ರ ಹರಡಿದ ಮೂರನೇ ಹಂತದವರು ಚೆನ್ನಾಗಿ ಉಳಿದಿರುವುದು ದೊಡ್ಡ ದಾಖಲೆಗಳಲ್ಲಿ ಕಂಡಿದೆ. ಹಂತದ ಅಂಕಿಯೊಂದನ್ನೇ ಹಿಡಿದು ಹೆದರುವುದೂ ಹಿಗ್ಗುವುದೂ ಇದಕ್ಕಾಗಿಯೇ ಸರಿಯಲ್ಲ.

ಇನ್ನು ನನ್ನ ಕೆಲಸಕ್ಕೆ ತೀರ ಹತ್ತಿರವಾದ ಸಾಲು: “ಪರೀಕ್ಷಿಸಿದ ಗ್ರಂಥಿಗಳ ಸಂಖ್ಯೆ”. ಕನಿಷ್ಠ 12 ಗ್ರಂಥಿಗಳನ್ನಾದರೂ ಹುಡುಕಿ ನೋಡಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿರುವ ನಿಯಮ. ಕತ್ತರಿಸಿ ತಂದ ಕರುಳಿಗೆ ಅಂಟಿಕೊಂಡ ಹಳದಿ ಕೊಬ್ಬನ್ನು ತಟ್ಟೆಯ ಮೇಲಿಟ್ಟು, ಬೆರಳ ತುದಿಯಿಂದ ಇಂಚಿಂಚಾಗಿ ಒತ್ತುತ್ತಾ ಹೋದರೆ, ಕೊಬ್ಬಿನ ನಡುವೆ ಜೋಳದ ಕಾಳಿನಷ್ಟು ಗಟ್ಟಿಯಾದದ್ದು ಬೆರಳಿಗೆ ತಾಗುತ್ತದೆ, ಅದೇ ಗ್ರಂಥಿ. ಕೆಲವೊಮ್ಮೆ ಅದು ಸಾಸಿವೆಯಷ್ಟೇ ಇರುತ್ತದೆ. ವೈದ್ಯರು ಒಂದೊಂದನ್ನೂ ಬಿಡಿಸಿ ಕೊಡುತ್ತಾರೆ, ನಾವು ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕುತ್ತೇವೆ. ಆರೇ ಗ್ರಂಥಿಗಳನ್ನು ನೋಡಿ “ಯಾವುದರಲ್ಲೂ ರೋಗವಿಲ್ಲ” ಎಂದು ಬರೆದಿದ್ದರೆ, ರೋಗ ಇಲ್ಲದೆಯೂ ಇರಬಹುದು, ರೋಗವಿದ್ದ ಏಳನೆಯದು ಕೈಗೆ ಸಿಗದೆಯೂ ಇರಬಹುದು. ಅಂಥ ವರದಿ ಬಂದರೆ “ಇನ್ನೊಮ್ಮೆ ಹುಡುಕಲು ಸಾಧ್ಯವೇ” ಎಂದು ಕೇಳುವುದು ರೋಗಿಯ ಹಕ್ಕು. ಉಳಿದ ಅಂಗಾಂಶವನ್ನು ಕೆಲವು ವಾರ ಇಟ್ಟುಕೊಂಡಿರುತ್ತಾರೆ, ಆದ್ದರಿಂದ ಬೇಗ ಕೇಳಬೇಕು.

ಸಂಖ್ಯೆ ಕಡಿಮೆಯಾಗುವುದಕ್ಕೆ ಎಲ್ಲ ಸಲವೂ ಪ್ರಯೋಗಾಲಯವೇ ಕಾರಣವಲ್ಲ. ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಆಪರೇಷನ್ ಮುಗಿದೊಡನೆ ಡಬ್ಬಿಯನ್ನು ರೋಗಿಯ ಕಡೆಯವರ ಕೈಗೇ ಕೊಟ್ಟು “ಲ್ಯಾಬಿಗೆ ಕೊಟ್ಟು ಬರ್ರಿ” ಎನ್ನುವ ರೂಢಿ ಇದೆ. ಒಮ್ಮೆ ಬೇರೆ ಜಿಲ್ಲೆಯಿಂದ ಒಬ್ಬ ಹುಡುಗ ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಒಂದು ಅಡಿ ಉದ್ದದ ಕರುಳನ್ನು ತುರುಕಿ, ತಳದಲ್ಲಿ ಎರಡು ಬೆರಳು ಔಷಧವಿದ್ದಂತೆ, ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ತಂದಿದ್ದ. ಮುಚ್ಚಳ ತೆಗೆದಾಗಲೇ ವಾಸನೆಯಿಂದ ಗೊತ್ತಾಯಿತು: ಒಳಗಿನದು ಕೊಳೆಯತೊಡಗಿತ್ತು. ಆ ಹುಡುಗನದೇನೂ ತಪ್ಪಿರಲಿಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ. ನೀವು ಡಬ್ಬಿ ಒಯ್ಯಬೇಕಾಗಿ ಬಂದರೆ ಇಷ್ಟನ್ನು ಗಮನಿಸಿ: ಬಾಯಿ ಅಗಲವಾದ ಡಬ್ಬಿ, ಅಂಗಾಂಶಕ್ಕಿಂತ ಹಲವು ಪಟ್ಟು, ಸಾಧ್ಯವಾದರೆ ಹತ್ತು ಪಟ್ಟು, ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಕಾಯುವ ದ್ರವ), ಸಲೈನ್ ಅಲ್ಲ, ಸ್ಪಿರಿಟ್ ಅಲ್ಲ. ಡಬ್ಬಿಯ ಮೇಲೆ ಹೆಸರು, ತಾರೀಖು, ಯಾವ ಅಂಗ ಎಂಬ ಚೀಟಿ. ಜೊತೆಗೆ ಶಸ್ತ್ರವೈದ್ಯರು ಬರೆದ ಅರ್ಜಿ. ಅದೇ ದಿನ ತಲುಪಿಸಿ.

ವರದಿಯಲ್ಲಿ ಮುಂದೆ “ಅಂಚು” ಅಥವಾ “ಮಾರ್ಜಿನ್” ಎಂದು ಇರುತ್ತದೆ. ಕತ್ತರಿಸಿದ ಅಂಚಿನಲ್ಲಿ ರೋಗದ ಕೋಶಗಳಿಲ್ಲ ಎಂದಾಗಬೇಕು. ಗುದನಾಳದ ಗಂಟಾಗಿದ್ದರೆ ಎರಡೂ ತುದಿಗಳಿಗಿಂತ ಸುತ್ತಲಿನ ಅಂಚು ಮುಖ್ಯ. ಅಲ್ಲಿಂದ ರೋಗ 1 ಮಿಲಿಮೀಟರ್ ಒಳಗೆ ಇದ್ದರೆ ಅದೇ ಜಾಗದಲ್ಲಿ ಮರಳುವ ಅಪಾಯ ಹೆಚ್ಚು. “ಗ್ರೇಡ್” ಎಂಬುದು ಕೋಶಗಳು ಎಷ್ಟು ಕೆಟ್ಟಿವೆ ಎಂಬುದರ ಗುರುತು. ಇದನ್ನು ಹಂತದೊಂದಿಗೆ ಬೆರೆಸಬೇಡಿ. “ಗ್ರೇಡ್ 3” ಎಂಬುದನ್ನು ಮೂರನೇ ಸ್ಟೇಜ್ ಎಂದು ತಿಳಿದು ಕಿಟಕಿಯ ಬಳಿಯೇ ಕುಸಿದು ಕೂತವರಿದ್ದಾರೆ. “ಸಿಗ್ನೆಟ್ ರಿಂಗ್” ಎಂಬ ಪದ ಕಂಡರೆ ಅದು ಬಿರುಸಿನ ಬಗೆ. ರಕ್ತನಾಳದೊಳಗೆ, ನರದ ಸುತ್ತ ರೋಗ ನುಗ್ಗಿದೆ ಎಂಬ ಸಾಲುಗಳೂ ಅಪಾಯವನ್ನು ಹೆಚ್ಚಿಸುವಂಥವು. ಎರಡನೇ ಹಂತದಲ್ಲಿ ಕೀಮೋ ಬೇಕೋ ಬೇಡವೋ ಎಂಬ ತೀರ್ಮಾನ ಬಹಳಷ್ಟು ಇವುಗಳ ಮೇಲೆಯೇ ನಿಲ್ಲುತ್ತದೆ.

ಇಷ್ಟರಲ್ಲಿ ಮುಗಿಯುವುದಿಲ್ಲ. ಅದೇ ಮೇಣದ ಬ್ಲಾಕಿನ ಮೇಲೆ ಇನ್ನೂ ಎರಡು ಬಗೆಯ ಪರೀಕ್ಷೆಗಳಾಗುತ್ತವೆ. ಒಂದು, ಎಂಎಂಆರ್ ಎಂಬ ನಾಲ್ಕು ಪ್ರೋಟೀನುಗಳ ಪರೀಕ್ಷೆ. ಕೋಶದ ವಂಶವಾಹಿಯಲ್ಲಾಗುವ ತಪ್ಪುಗಳನ್ನು ರಿಪೇರಿ ಮಾಡುವ ಈ ಪ್ರೋಟೀನುಗಳಲ್ಲಿ ಒಂದಾದರೂ ಸುಮಾರು ನೂರಕ್ಕೆ 15 ರೋಗಿಗಳ ಗಂಟಿನಲ್ಲಿ ಕಾಣೆಯಾಗಿರುತ್ತದೆ. ವಿಚಿತ್ರವೆಂದರೆ, ಎರಡನೇ ಹಂತದಲ್ಲಿ ಈ ಕೊರತೆ ಒಳ್ಳೆಯ ಸೂಚನೆ. ಅಂಥವರಿಗೆ ಹಳೆಯ ಮಾದರಿಯ, ಒಂದೇ ಔಷಧದ ಕೀಮೋದಿಂದ ಪ್ರಯೋಜನವೂ ಇಲ್ಲ. ನಾಲ್ಕನೇ ಹಂತದಲ್ಲಿ ಈ ಕೊರತೆ ಇದ್ದವರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ) ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಿಂದ ದೃಢವಾಯಿತು. ಆದರೆ ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡನೆಯದು, ರಾಸ್ ಮತ್ತು ಬಿರಾಫ್ ಎಂಬ ವಂಶವಾಹಿಗಳ ಪರೀಕ್ಷೆ. ನಾಲ್ಕನೇ ಹಂತದವರಿಗೆ ಯಾವ ಔಷಧ ಹಿಡಿಯುತ್ತದೆ, ಯಾವುದು ಹಿಡಿಯದು ಎಂಬುದಕ್ಕೆ ಇದು ಬೇಕು. ಆ ಹಂತದಲ್ಲಿ ಗಂಟು ಬಲಗಡೆ ಹುಟ್ಟಿದ್ದೋ ಎಡಗಡೆ ಹುಟ್ಟಿದ್ದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ; ಎಡಗಡೆಯದರ ಉಳಿವು ಸಾಮಾನ್ಯವಾಗಿ ಉತ್ತಮ.

ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವಾಗ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದುಕೊಂಡು ಹೋಗಿ. ವರದಿಯ ಜೆರಾಕ್ಸ್ ಮೇಲೆ ಹೊಸ ಪರೀಕ್ಷೆ ಮಾಡಲಾಗದು. ಬೇಸಿಗೆಯಲ್ಲಿ ಬ್ಲಾಕುಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟುಹೋಗಬೇಡಿ, ಅದು ಮೇಣ.

ಆಪರೇಷನ್ ಯಾರಿಂದ, ಯಾವ ಕ್ರಮದಲ್ಲಿ

ಗುದನಾಳದ ಕ್ಯಾನ್ಸರಿನಲ್ಲಿ ಶಸ್ತ್ರವೈದ್ಯರ ಕೈ ಕೂಡ ಉಳಿವಿನ ಒಂದು ಅಂಶ. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ, ಹೊದಿಕೆ ಹರಿಯದಂತೆ ತೆಗೆಯುವ ಕ್ರಮವನ್ನು ವಿವರಿಸಿದರು. ಅದು ರೂಢಿಗೆ ಬಂದ ಮೇಲೆ ರೋಗ ಅದೇ ಜಾಗದಲ್ಲಿ ಮರಳುವುದು ಬಹಳ ಕಡಿಮೆಯಾಯಿತು. ಆದ್ದರಿಂದ “ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ” ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಗುದನಾಳದ ಗಂಟಾದರೆ ಆಪರೇಷನ್‌ಗೆ ಮುಂಚೆಯೇ ಎಂಆರ್‌ಐ ಆಗಬೇಕು, ಹಲವರಿಗೆ ಮೊದಲೇ ರೇಡಿಯೇಷನ್ ಬೇಕಾಗುತ್ತದೆ. ಮೊದಲು ಕತ್ತರಿಸಿ ಆಮೇಲೆ ಯೋಚಿಸುವ ರೋಗವಲ್ಲ ಇದು. ಹೊಟ್ಟೆಯ ಮೇಲೆ ಮಲ ತುಂಬುವ ಚೀಲ ಬರುತ್ತದೆಂದು ಹೆದರಿ ಆಪರೇಷನ್ ನಿರಾಕರಿಸುವವರು ಅನೇಕರು. ಎಷ್ಟೋ ಜನರಿಗೆ ಆ ಚೀಲ ಕೆಲವೇ ತಿಂಗಳುಗಳದ್ದು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಬೀದರಿನವರಿಗೆ ಹೈದರಾಬಾದ್ ಹತ್ತಿರ. ಆಳಂದ, ಅಫಜಲಪುರದ ಕಡೆಯವರು ಸೊಲ್ಲಾಪುರಕ್ಕೆ ಹೋಗುವುದುಂಟು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರಾಜ್ಯದ ಗಡಿ ದಾಟುವ ಮುನ್ನ, ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ, ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ರಿಯಾಯಿತಿ ಇದೆ. ಆಸ್ಪತ್ರೆಯವರು ಅದರ ಫಾರಂ ತುಂಬಿಕೊಡುತ್ತಾರೆ. ಇವೆಲ್ಲ ಕಾಗದದ ಕೆಲಸ ಎನಿಸಬಹುದು, ಆದರೆ ನಾಲ್ಕನೇ ಕೀಮೋಗೆ ದುಡ್ಡು ಮುಗಿದು ಚಿಕಿತ್ಸೆ ನಿಲ್ಲುವುದನ್ನು ತಪ್ಪಿಸುವುದು ಇವೇ.

ರಾಶಿ ಮುಗಿಯಲಿ ಎಂಬ ಮಾತು

ಕಾಕಾನ ಗಂಟು ಕರುಳಿನ ಎಡಭಾಗದ ಕೆಳತಿರುವಿನಲ್ಲಿತ್ತು. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಹದಿನೈದು ಗ್ರಂಥಿಗಳಲ್ಲಿ ಎರಡರಲ್ಲಿ ರೋಗವಿತ್ತು, ಮೂರನೇ ಹಂತ. ಇಂಥವರಿಗೆ ಆಪರೇಷನ್ ಆದ ಆರರಿಂದ ಎಂಟು ವಾರಗಳೊಳಗೆ ಕೀಮೋ ಆರಂಭವಾಗಬೇಕು. ತಡವಾದ ಪ್ರತಿ ನಾಲ್ಕು ವಾರಕ್ಕೂ ಸಾವಿನ ಅಪಾಯ ಸುಮಾರು 14 ಶೇಕಡಾದಷ್ಟು ಏರುತ್ತದೆಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತ್ತು. ಗಾಯ ಮಾಗಿತ್ತು, ರಕ್ತ ಚೆನ್ನಾಗಿತ್ತು, ಡಿಸೆಂಬರ್ ಮೊದಲ ವಾರಕ್ಕೆ ತಾರೀಖು ಕೊಟ್ಟಿದ್ದರು. ಹೊಲದಲ್ಲಿ ತೊಗರಿ ಒಣಗಿ ನಿಂತಿತ್ತು. “ರಾಶಿ ಮುಗೀಲಿ ತಮ್ಮಾ, ಆಮ್ಯಾಲ ಹೋಗೂಣು. ಗಂಟು ತೆಗದಾರಲ್ಲ, ಇನ್ನೇನದ?” ಎಂದರು. ನಾನು ಜೋರು ಮಾಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಗುತ್ತದೆ. ಮೊದಲ ಕೀಮೋ ಏರಿದಾಗ ಆಪರೇಷನ್ ಆಗಿ ಹದಿಮೂರು ವಾರ ಕಳೆದಿದ್ದವು.

ಗಂಟು ತೆಗೆದ ಮೇಲೂ ಕೀಮೋ ಯಾಕೆ ಎಂಬ ಕಾಕಾನ ಪ್ರಶ್ನೆ ಬಹಳ ಜನರದ್ದು. ಗ್ರಂಥಿಗೆ ಮುಟ್ಟಿದ ರೋಗ ರಕ್ತದಲ್ಲಿ ಕಣ್ಣಿಗೂ ಸ್ಕ್ಯಾನಿಗೂ ಕಾಣದ ಕೆಲವು ಕೋಶಗಳನ್ನು ಬಿಟ್ಟಿರಬಹುದು, ಕೀಮೋ ಅವಕ್ಕಾಗಿ. ಕಣಜ ಖಾಲಿ ಮಾಡಿದ ಮೇಲೂ ಸಂದಿಯಲ್ಲಿ ನುಸಿ ಉಳಿದಂತೆ ಎಂದು ನಾನು ಅವರಿಗೆ ಹೇಳಿದ್ದೆ, ಅವರು ತಲೆದೂಗಿದರು, ಆದರೂ ರಾಶಿಗೇ ಹೋದರು. ಆದ್ದರಿಂದ ಮನೆಯವರಿಗೆ ನನ್ನ ಸೂಚನೆ ಇದು: ಆಪರೇಷನ್ ಆದ ದಿನವೇ ಕ್ಯಾಲೆಂಡರಿನಲ್ಲಿ ಎಂಟನೇ ವಾರಕ್ಕೆ ಗುರುತು ಹಾಕಿ, ಅಂಗಾಂಶ ವರದಿ ಬಂದ ದಿನವೇ ಕೀಮೋ ವೈದ್ಯರ ಭೇಟಿ ಗೊತ್ತುಮಾಡಿ, ರಾಶಿಗೋ ಮದುವೆಗೋ ಆ ವಾರಗಳಲ್ಲಿ ಬೇರೆಯವರನ್ನು ನೇಮಿಸಿ.

ಆರಂಭಿಸಿದ್ದನ್ನು ಮುಗಿಸುವುದೂ ಅಷ್ಟೇ ಮುಖ್ಯ. ಆಕ್ಸಾಲಿಪ್ಲಾಟಿನ್ ಎಂಬ ಔಷಧ ಏರಿದ ಕೆಲವು ದಿನ ತಣ್ಣನೆಯದನ್ನು ಮುಟ್ಟಿದರೆ ಬೆರಳುಗಳಲ್ಲಿ ಕರೆಂಟು ಹೊಡೆದಂತಾಗುತ್ತದೆ, ಗಂಟಲು ಹಿಡಿದಂತಾಗುತ್ತದೆ. ಇದು ಗೊತ್ತಿಲ್ಲದೆ ಏಪ್ರಿಲ್ ಬಿಸಿಲಲ್ಲಿ ಕಾಕಾ ಫ್ರಿಜ್ಜಿನ ನೀರು ಕುಡಿದು, ಉಸಿರೇ ನಿಂತಿತೆಂದು ಹೆದರಿ, ಮುಂದಿನ ಡೋಸು ಬೇಡವೆಂದು ಕೂತಿದ್ದರು. ಬೆಚ್ಚಗಿನ ನೀರು ಕುಡಿದರಾಯಿತು. ಜೋಮು ಹೆಚ್ಚುಕಾಲ ಉಳಿದರೆ ವೈದ್ಯರಿಗೆ ಹೇಳಬೇಕು. ಡೋಸು ಇಳಿಸುವ ದಾರಿ ಇದೆ, ಕೆಲವರಿಗೆ ಆರು ತಿಂಗಳ ಬದಲು ಮೂರು ತಿಂಗಳ ಕೀಮೋ ಸಾಕಾಗುತ್ತದೆ. ಜ್ವರ ಮಾತ್ರ ಬೇರೆ ವಿಷಯ: ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಾತ್ರೆ ನುಂಗಿ ಮಲಗದೆ ಅದೇ ಗಂಟೆಗೆ ಆಸ್ಪತ್ರೆ ಸೇರಬೇಕು.

ದೇಹದ ಬಲ

ವಯಸ್ಸಿಗಿಂತ ದೇಹದ ಬಲ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ರೋಗಿ ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಾರೋ ಓಡಾಡಿಕೊಂಡಿದ್ದಾರೋ ಎಂದು ವೈದ್ಯರು ಕೇಳುವುದು ಸುಮ್ಮನೆ ಅಲ್ಲ. ಬಲವಾದ ಕೀಮೋ ತಡೆದುಕೊಳ್ಳಬಲ್ಲರೇ ಎಂಬುದನ್ನು ಅದರಿಂದಲೇ ಅಳೆಯುತ್ತಾರೆ. ತೂಕ ಇಳಿದವರು, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಕಡಿಮೆ ಇದ್ದವರು ಆಪರೇಷನ್‌ನಲ್ಲೂ ಆಮೇಲೆಯೂ ಹೆಚ್ಚು ನರಳುತ್ತಾರೆ. ನಮ್ಮಲ್ಲಿ ರೋಗಿಗೆ ಪಥ್ಯವೆಂದರೆ ಗಂಜಿ, ಅಂಬಲಿ. ಬೇಳೆ ವಾಯು, ಮೊಸರು ತಂಪು, ತತ್ತಿ ಉಷ್ಣ ಎಂದು ಪ್ರೋಟೀನೆಲ್ಲ ತಟ್ಟೆಯಿಂದ ಹೊರಗೆ. ತೊಗರಿ ಬೆಳೆಯುವ ನಾಡಿನಲ್ಲಿ ರೋಗಿಗೆ ಬೇಳೆ ನೀಡದಿರುವುದು ನನಗೆ ಅರ್ಥವಾಗದ ಸಂಗತಿ. ವೈದ್ಯರು ಬೇಡವೆಂದ ಹೊರತು ಗಟ್ಟಿ ಬೇಳೆ, ಹಾಲು, ಮೊಸರು, ತತ್ತಿ ದಿನವೂ ಇರಲಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದಿದ್ದರೆ ನಮ್ಮ ಬೇಸಿಗೆಯಲ್ಲಿ ನೀರು, ಉಪ್ಪು ಬೇಗ ಸೋರಿಹೋಗಿ ಕಿಡ್ನಿಗೆ ಪೆಟ್ಟಾಗುತ್ತದೆ. ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ ಕೈಯಳತೆಯಲ್ಲಿರಲಿ.

ಬೀಡಿ, ಸಿಗರೇಟು ಬಿಡದವರ ಉಳಿವು ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. ನಡಿಗೆಯ ಬಗ್ಗೆ ಬಂದಿರುವ ಪುರಾವೆ ನನ್ನನ್ನೇ ಬೆರಗುಗೊಳಿಸಿತು. ಕೀಮೋ ಮುಗಿಸಿದ 889 ಕರುಳಿನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವರ್ಷ ಮಾರ್ಗದರ್ಶಕರ ನೆರವಿನಿಂದ ವ್ಯಾಯಾಮ ಮಾಡಿಸಿ, ಇನ್ನೊಂದಕ್ಕೆ ಪುಸ್ತಿಕೆ ಮಾತ್ರ ಕೊಟ್ಟ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು: ಎಂಟು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 90, ಎರಡನೆಯದರಲ್ಲಿ 83 ಜನ ಉಳಿದಿದ್ದರು. ವ್ಯಾಯಾಮವೆಂದರೆ ಬೇರೇನಲ್ಲ, ವಾರಕ್ಕೆ ಮೂರು-ನಾಲ್ಕು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಬಿರುಸು ನಡಿಗೆಯಷ್ಟು. ಬಿಸಿಲೇರುವ ಮುನ್ನ ಅಪ್ಪನ ಕೆರೆಯ ಸುತ್ತ ನಡೆದರೂ ಆಗುತ್ತದೆ, ಹೊಲದ ಬದುವಿನಲ್ಲಿ ನಡೆದರೂ ಆಗುತ್ತದೆ. ಆಸ್ಪಿರಿನ್ ಬಗ್ಗೆಯೂ ಅದೇ ವರ್ಷ ಒಳ್ಳೆಯ ಸುದ್ದಿ ಬಂದಿದೆ, ಆದರೆ ಗಂಟಿನಲ್ಲಿ ಪಿಐಕೆ3 ಎಂಬ ವಂಶವಾಹಿ ಗುಂಪಿನ ಬದಲಾವಣೆ ಇದ್ದವರಿಗೆ ಮಾತ್ರ. ರಕ್ತಸ್ರಾವದ ಅಪಾಯವಿರುವ ಮಾತ್ರೆಯನ್ನು ಅಂಗಡಿಯಿಂದ ತಂದು ತಾವೇ ನುಂಗಬಾರದು.

ಚಿಕಿತ್ಸೆ ಮುಗಿದ ಮೇಲೆ

ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು-ಮೂರು ವರ್ಷದಲ್ಲಿ. ಆದ್ದರಿಂದ ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ಭೇಟಿ ಮತ್ತು ಸಿಇಎ ಎಂಬ ರಕ್ತಪರೀಕ್ಷೆ (ಈ ಕ್ಯಾನ್ಸರ್ ಮರಳಿದಾಗ ಹೆಚ್ಚಾಗಿ ಏರುವ ಒಂದು ಪ್ರೋಟೀನಿನ ಅಳತೆ), ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ; ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್; ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. ತಾರೀಖು ನೆನಪಿರದವರಿಗೆ ನಾನು ಹೇಳುವುದು: ಶರಣಬಸವೇಶ್ವರರ ಜಾತ್ರೆಗೊಂದು, ಮಹಾನವಮಿಗೊಂದು ಸಿಇಎ ತಪ್ಪದಿರಲಿ, ನಡುವಿನವನ್ನು ವೈದ್ಯರು ಹೇಳಿದಂತೆ ಸೇರಿಸಿಕೊಳ್ಳಿ. ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಡಿ. ಒಂದು ಅಂಕಿಗಿಂತ ಅದು ಏರುತ್ತಿದೆಯೇ ಎಂಬುದು ಮುಖ್ಯ.

ಕಾಕಾನ ಪಟ್ಟಿಯಲ್ಲಿ ಎರಡನೇ ವರ್ಷದ ಕೊನೆಗೆ 3 ಇದ್ದದ್ದು 5 ಆಯಿತು, ಆಮೇಲೆ 11 ಆಯಿತು. ಸ್ಕ್ಯಾನಿನಲ್ಲಿ ಯಕೃತ್ತಿನ ಬಲಭಾಗದಲ್ಲಿ ಒಂದೇ ಒಂದು ಚುಕ್ಕೆ. ಹದಿಮೂರು ವಾರದ ತಡದಿಂದಲೇ ಅದು ಬಂತೆಂದು ಯಾರೂ ಹೇಳಲಾರರು. ಹೊತ್ತಿಗೆ ಸರಿಯಾಗಿ ಕೀಮೋ ಪಡೆದವರಿಗೂ ಮರಳುವುದುಂಟು. ಯಕೃತ್ತಿಗೆ ಬಂದಿತೆಂದರೆ ಎಲ್ಲ ಮುಗಿಯಿತೆಂದು ನಮ್ಮವರು ಮನೆಗೆ ಕರೆದೊಯ್ಯುತ್ತಾರೆ, ಅದು ದೊಡ್ಡ ತಪ್ಪು. ಕೆಲವೇ ಚುಕ್ಕೆಗಳಿದ್ದು ಪೂರ್ತಿ ತೆಗೆಯುವಂತಿದ್ದರೆ, ಹಾಗೆ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಜನ ಐದು ವರ್ಷ ದಾಟುತ್ತಾರೆ. “ಯಕೃತ್ತಿನ ಶಸ್ತ್ರವೈದ್ಯರು ಈ ಸ್ಕ್ಯಾನ್ ನೋಡಿದ್ದಾರೆಯೇ” ಎಂದು ಕೇಳದೆ ಯಾರೂ ಮನೆಗೆ ಮರಳಬಾರದು. ಕಾಕಾನ ಯಕೃತ್ತಿನ ಆ ಭಾಗವನ್ನು ಹೈದರಾಬಾದಿನಲ್ಲಿ ತೆಗೆದರು. ಮೊದಲ ಆಪರೇಷನ್ ಆಗಿ ಇದೀಗ ಐದು ವರ್ಷ. ಅವರು ಊರಲ್ಲಿದ್ದಾರೆ, ಹೊಲಕ್ಕೆ ಹೋಗುತ್ತಾರೆ, ಹಿಂಡಿಯನ್ನು ಮತ್ತೆ ತಿನ್ನುತ್ತಾರೆ.

ಒಬ್ಬರಿಗೆ ಈ ರೋಗ ಬಂದ ಮನೆಯಲ್ಲಿ ಒಡಹುಟ್ಟಿದವರೂ ಮಕ್ಕಳೂ 40ನೇ ವಯಸ್ಸಿನಲ್ಲಿ, ಇಲ್ಲವೇ ರೋಗಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ, ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಎಂಎಂಆರ್ ಕೊರತೆ ವಂಶಪಾರಂಪರ್ಯದ್ದೆಂದು ಗೊತ್ತಾದರೆ ಇನ್ನೂ ಬಹಳ ಮೊದಲೇ. ಕಾಕಾನ ಮಗನಿಗೆ ಈಗ 41. ಒಂದು ವರ್ಷ ಅವನ ಬೆನ್ನುಹತ್ತಿ ಹೇಳಿದ್ದಕ್ಕೆ ಹೋದ ತಿಂಗಳು ಹೋಗಿಬಂದ. ಮರುದಿನ ನಮ್ಮ ಕಿಟಕಿಯಲ್ಲಿ ಒಂದು ಚಿಕ್ಕ ಡಬ್ಬಿ ಇಟ್ಟ: ತುಂಬ ಫಾರ್ಮಲಿನ್, ಚೀಟಿಯ ಮೇಲೆ ಹೆಸರು, ತಾರೀಖು, ತಳದಲ್ಲಿ ಕರುಳಿನ ಒಳಗೋಡೆಯಿಂದ ತೆಗೆದ, ಕಡಲೆಯಷ್ಟು ದೊಡ್ಡ ಒಂದು ಪಾಲಿಪ್ (ಮಾಂಸದ ಬೆಳವಣಿಗೆ). “ಅಣ್ಣಾ, ಬಾಟ್ಲಿ ಸರಿ ಅದ ಇಲ್ಲೋ ನೋಡು ಮೊದಲ” ಎಂದ. ಮೂರು ದಿನಕ್ಕೆ ವರದಿ ಬಂತು: ಅಡಿನೋಮಾ (ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬೆಳವಣಿಗೆ), ಕ್ಯಾನ್ಸರ್ ಇಲ್ಲ, ಪೂರ್ತಿ ತೆಗೆಯಲಾಗಿದೆ. ಮುಂದಿನ ಕೊಲೊನೋಸ್ಕೋಪಿ ಮೂರು ವರ್ಷಕ್ಕೆ ಎಂದು ವೈದ್ಯರು ಬರೆದದ್ದನ್ನು ಅವನು ಫೈಲಿನ ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಂಡ.